ಉಪವಾಸಕ್ಕೆ ಕೂರುವ ಮೊದಲು ಔಷಧಿ ಚೀಟಿ ತೋರಿಸಿ

ಮಾನ್ಯರೇ,

ಕಳೆದ ತಿಂಗಳು ಪ್ರಕೃತಿ ಚಿಕಿತ್ಸೆಯ ಶಿಬಿರವೊಂದಕ್ಕೆ ಸೇರಿದ್ದ ನಮ್ಮ ದೊಡ್ಡಪ್ಪ, ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡು ಬೂದುಗುಂಬಳದ ರಸವನ್ನಷ್ಟೇ ಕುಡಿದಿದ್ದರಿಂದ, ಎರಡನೆಯ ದಿನ ಬೆಳಿಗ್ಗೆ ಮೈಯೆಲ್ಲ ಬೆವೆತು, ಲೋಟ ಹಿಡಿಯಲಾಗದಷ್ಟು ಕೈ ನಡುಗಿ ಕುಸಿದು ಕುಳಿತರು. ಪಕ್ಕದಲ್ಲಿದ್ದವರು ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಯಾವ ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ.

ಪದ್ಧತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಉಜಿರೆ, ಮೂಡುಬಿದಿರೆಯಂತಹ ಕಡೆ 1 ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಪದವಿ) ಓದಿ ಬಂದವರಿಗೂ, ಕೆಲವೇ ವಾರಗಳ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವರಿಗೂ ಹೊರಗಿನ ಬೋರ್ಡಿನಲ್ಲಿ ವ್ಯತ್ಯಾಸ ಕಾಣದಿರುವುದರಿಂದ, ಪದವಿಯನ್ನೂ ರಾಜ್ಯದ ನೋಂದಣಿಯನ್ನೂ ಸಂಕೋಚವಿಲ್ಲದೆ ವಿಚಾರಿಸಬೇಕು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಎಳನೀರು, ಹಣ್ಣಿನ ರಸಗಳಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಲ್ಲದು. ಕಹಿ ಬಂದ ಸೋರೆಕಾಯಿಯ ರಸವನ್ನಂತೂ ಯಾರೂ ಕುಡಿಯಬಾರದು. ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸದೆ, ಉಪವಾಸದ ದಿನಗಳಲ್ಲಿ ಪ್ರಮಾಣ ಬದಲಿಸಬೇಕೇ ಎಂಬುದನ್ನು ಅವನ್ನು ಬರೆದುಕೊಟ್ಟ ವೈದ್ಯರಲ್ಲೇ ಕೇಳಿಕೊಂಡು ಹೋಗಬೇಕು. ಶಿಬಿರದ ಅರ್ಜಿಯಲ್ಲಿ ‘ಈಗ ಸೇವಿಸುತ್ತಿರುವ ಔಷಧಿಗಳು’ ಎಂಬ ಕಾಲಮ್ಮನ್ನು ಆಯುಷ್ ಇಲಾಖೆ ಕಡ್ಡಾಯಗೊಳಿಸಲಿ.

– ಓದುಗ, ಪುತ್ತೂರು