ಪರಿಹಾರದ ಪಟ್ಟಿ ಎಲ್ಲರ ಕಣ್ಣೆದುರಿಗಿರಲಿ

ಮಾನ್ಯರೇ,

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ಎದುರು ದಡದ ಉಳುವರೆಯ ಮನೆಗಳೂ ನೆಲಕಚ್ಚಿದವು. ನದಿಯಲ್ಲಿ ಮುಳುಗಿದ್ದ ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ಇಂಥ ಹೊತ್ತಿನಲ್ಲಿ ಆಡಳಿತ ಬಾಯಿ ಬಿಡುವುದು ತಡವಾದಷ್ಟೂ ವದಂತಿಗಳಿಗೆ ರೆಕ್ಕೆಪುಕ್ಕ ಬರುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆಯ ಕಾಳಜಿ ಕೇಂದ್ರವೊಂದರ (ಸಂತ್ರಸ್ತರ ತಾತ್ಕಾಲಿಕ ಆಶ್ರಯತಾಣದ) ಗೇಟಿಗೆ ದಾನಿಗಳ ಟೆಂಪೊ ಬಂದು ನಿಂತದ್ದೇ ತಡ, ಗಟ್ಟಿಮುಟ್ಟಾದವರು ಕಂಬಳಿಗಳಿಗೆ ಮುಗಿಬಿದ್ದರು. ಹಸುಗೂಸನ್ನು ಎತ್ತಿಕೊಂಡಿದ್ದ ಬಾಣಂತಿಗೂ ಕೋಲೂರಿ ನಿಂತಿದ್ದ ಅಜ್ಜಿಗೂ ಒಂದೂ ಸಿಗಲಿಲ್ಲ. ಇದನ್ನು ಜನರ ದುರಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ಯಾರಿಗೆ ಏನು, ಯಾವಾಗ ಸಿಗುತ್ತದೆಂದು ಹೇಳುವ ಒಬ್ಬ ನೌಕರನೂ ಅಲ್ಲಿರಲಿಲ್ಲ. ಮನೆ ಕಳೆದುಕೊಂಡವರು ನೂಕುನುಗ್ಗಲಿಗೆ ಇಳಿಯುವುದು ನಾಳೆಯ ಭರವಸೆಯಿಲ್ಲದಿದ್ದಾಗ.

ಕಾನೂನಿನ ಕೊರತೆಯೇನೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಪರಿಹಾರದ ಹಣ, ಸಾಮಗ್ರಿ ದುರ್ಬಳಕೆಗೆ 2 ವರ್ಷದವರೆಗೆ, ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಹುಟ್ಟಿಸಿದರೆ 1 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಆದ್ದರಿಂದ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಪ್ರತಿ ಕಾಳಜಿ ಕೇಂದ್ರಕ್ಕೂ ಹೊಣೆಗಾರ ಅಧಿಕಾರಿಯೊಬ್ಬರನ್ನು ಗೊತ್ತುಪಡಿಸಿ, ಫಲಾನುಭವಿಗಳ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಸುದ್ದಿಯನ್ನು ಕಾಳಿ ದಂಡೆಯ ಊರುಗಳಿಗೆ ಧ್ವನಿವರ್ಧಕದಲ್ಲಿ ಮೊದಲೇ ಸಾರಬೇಕೆಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓದುಗ, ಕಾರವಾರ