ಹೆಪ್ಪು ಉಳಿಸಬೇಡ, ಅಪ್ಪಿ

ಪ್ರೀತಿಯ ಅಪ್ಪಿ,

ಶಿರಸಿಯಲ್ಲಿ ಎಲ್ಲರೂ ಆರಾಮ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಕೂತಿದೆ. ಸೋಮವಾರ ಶೆಡ್ಡಿನ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ, ಲೇತ್ ಯಂತ್ರದಲ್ಲಿ ಲೋಹ ಕಡಿಯುವಾಗ ತಂಪಿಗೆ ಸುರಿಯುವ ಎಣ್ಣೆ-ನೀರಿನ, ಅಂದರೆ ಕೂಲಂಟಿನ, ಟ್ಯಾಂಕಿಗೆ ಸ್ವಲ್ಪ ಫಿನಾಯಿಲ್ ಹಾಕಿದೆ, ಈಗ ಅಡ್ಡಿಲ್ಲ ಅಂದೆ. ಅಡ್ಡಿ ಇದೆ ಅಪ್ಪಿ. ಫಿನಾಯಿಲ್ ವಾಸನೆಯನ್ನು ಮುಚ್ಚುತ್ತದೆ ಅಷ್ಟೇ, ಒಳಗಿನ ರಾಡಿ ಹಾಗೇ ಇರುತ್ತದೆ.

ಭಾನುವಾರ ಪಂಪ್ ನಿಂತಿರುತ್ತದೆ. ಲೇತಿನ ಜಾರುವ ಭಾಗದಿಂದ ಸೋರಿದ ಎಣ್ಣೆ ಕೂಲಂಟ್ ಮೇಲೆ ಕೆನೆಯ ಹಾಗೆ ಕಟ್ಟುತ್ತದೆ, ಗಾಳಿ ಒಳಗೆ ಇಳಿಯುವುದಿಲ್ಲ. ಗಾಳಿ ಬೇಡದ ಬ್ಯಾಕ್ಟೀರಿಯಾ ಅಡಿಯಲ್ಲಿ ಬೆಳೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಆ ವಾಸನೆ ಅದೇ.

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಡೆ ಹಳೆಯ ಕೂಲಂಟ್ ಬಸಿದು, ಅಡಿಯ ಗಸಿ ಮುಟ್ಟದೆ, ಮೇಲಿಂದ ಹೊಸದು ಸುರಿದಿದ್ದೆವು. ಎರಡೇ ವಾರದಲ್ಲಿ ಮತ್ತೆ ಅದೇ ನಾತ. ಹಾಲಿಗೆ ಒಂದು ಚಮಚ ಹೆಪ್ಪು ಸಾಕಲ್ವಾ? ಇದೂ ಹಾಗೇ. ಮೂಲೆಯಲ್ಲಿ, ಪೈಪಿನಲ್ಲಿ, ಪಂಪಿನ ಜಾಲರಿಯಲ್ಲಿ ಸ್ವಲ್ಪ ಉಳಿದರೂ ಹೊಸ ಕೂಲಂಟ್ ಪೂರ್ತಿ ಕೆಡುತ್ತದೆ.

ಅದಕ್ಕೇ ಬಸಿಯುವ ಮೊದಲಿನ ದಿನವೇ ಹಳೆಯ ಕೂಲಂಟಿಗೆ ಸಿಸ್ಟಮ್ ಕ್ಲೀನರ್, ಅಂದರೆ ಟ್ಯಾಂಕು ಪೈಪು ಶುದ್ಧ ಮಾಡುವ ದ್ರವ, ಹಾಕು, ಡಬ್ಬಿಯ ಮೇಲೆ ಬರೆದಷ್ಟು. ಪಂಪ್ ಓಡಿಸು, ಅದು ಎಲ್ಲ ಪೈಪಿನಲ್ಲೂ ತಿರುಗಲಿ. ಆಮೇಲೆ ಮೇನ್ ಸ್ವಿಚ್ ತೆಗೆದು, ಬಾಗಿಲು ಕಿಟಕಿ ತೆರೆದಿಟ್ಟು ಬಸಿ. ಟ್ಯಾಂಕಿನೊಳಗೆ ತಲೆ ಹಾಕಬೇಡ, ಆ ಗಾಳಿ ಒಳ್ಳೆಯದಲ್ಲ. ಚಿಪ್ಸ್ (ಕಡಿದ ಲೋಹದ ಚೂರು), ಗಸಿ ಎಲ್ಲ ಕೆರೆದು ತೆಗೆ. ಬರಿಗೈ ಹಾಕಬೇಡ, ಸಣ್ಣ ಚಿಪ್ಸ್ ಚರ್ಮ ಸೀಳುತ್ತದೆ, ಆ ಗಾಯಕ್ಕೆ ಕೊಳೆತ ನೀರು ಇಳಿಯುತ್ತದೆ. ಗ್ಲೌಸ್ ಹಾಕು, ಆದರೆ ಲೇತ್ ತಿರುಗುವಾಗ ಅದೇ ಗ್ಲೌಸ್ ಹಾಕಿಕೊಂಡು ನಿಲ್ಲಬೇಡ. ಕೊನೆಗೆ ಒಳ್ಳೆ ನೀರು ತುಂಬಿ ಒಂದು ಸಲ ತಿರುಗಿಸಿ, ಅದನ್ನೂ ಬಸಿ.

ಈಗ ನೀರಿನ ಮಾತು. ಕಾರವಾರದಲ್ಲಿ ಸಮುದ್ರದ ಹತ್ತಿರದ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರು ಹಾಕಿದರೆ ಕಡಿಯುವ ಜಾಬ್ ಮೇಲೆ ತುಕ್ಕು ಬರುತ್ತದೆ, ನೀನು ಕೂಲಂಟ್ ಎಣ್ಣೆಯನ್ನು ಬೈಯುತ್ತೀಯ. ಮಳೆಗಾಲದಲ್ಲಿ ಸೂರಿನ ನೀರು ಬಟ್ಟೆ ಕಟ್ಟಿ ಸೋಸಿ ಡ್ರಮ್ಮಿನಲ್ಲಿ ಹಿಡಿದಿಡು, ಕೂಲಂಟಿಗೆ ಅಷ್ಟು ಮೆದು ನೀರು ಸುಮ್ನೆ ಸಿಗುವುದು ಇನ್ನೆಲ್ಲಿ? 100 ಲೀಟರ್ ಟ್ಯಾಂಕಿಗೆ ಶೇಕಡಾ 6 ಎಣ್ಣೆ ಬೇಕಾದರೆ ಮೊದಲು 94 ಲೀಟರ್ ನೀರು, ಆಮೇಲೆ ಕಲಕುತ್ತಾ 6 ಲೀಟರ್ ಕೂಲಂಟ್ ಎಣ್ಣೆ. ಎಣ್ಣೆಗೆ ನೀರು ಸುರಿದರೆ ಸರಿಯಾಗಿ ಬೆರೆಯುವುದಿಲ್ಲ. ಎಣ್ಣೆ ಎಷ್ಟಿದೆ ಅಂತ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 4 ಕಂಡರೆ ಅದೇ ಶೇಕಡಾ ಅಂದುಕೊಳ್ಳಬೇಡ, ಎಣ್ಣೆ ಡಬ್ಬಿಯ ಮೇಲೆ ಬರೆದ, ಗುಣಿಸಬೇಕಾದ ಫ್ಯಾಕ್ಟರ್ 1.5 ಇದ್ದರೆ ಅದು ಶೇಕಡಾ 6. ಪಿಎಚ್ (ಹುಳಿ-ಕ್ಷಾರದ ಅಳತೆ) 9ರ ಆಸುಪಾಸು ಇರಲಿ, 8.5ಕ್ಕಿಂತ ಇಳಿದರೆ ಕೆಡಲು ಶುರುವಾಗಿದೆ ಅಂತಲೇ ತಿಳಿ.

ಬಸಿದದ್ದನ್ನು ಗಟಾರಕ್ಕೆ ಬಿಡಬೇಡ, ಇದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಗಟಾರದ ನೀರು ಕಾಳಿ ನದಿಗೋ ಸಮುದ್ರಕ್ಕೋ ಹೋಗುತ್ತದೆ, ಅಲ್ಲಿಂದ ಮೀನು ಹಿಡಿದು ತಂದು ಮಾರುವವರು ನಿನ್ನ ಶೆಡ್ಡಿನ ಮುಂದೆಯೇ ಹಾದು ಹೋಗುತ್ತಾರೆ. ಬ್ಯಾರೆಲ್ಲಿನಲ್ಲಿ ಮುಚ್ಚಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದ್ದವರಿಗೇ ಕೊಡು.

ನಿನ್ನ ಬೆರಳಿನ ಸಂದಿಯಲ್ಲಿ ಕೆಂಪಗೆ ತುರಿಕೆ ಎದ್ದಿದೆ ಅಂತ ಆಯಿ ಹೇಳಿದಳು. ಕೂಲಂಟಿನಿಂದಲೇ ಇರಬಹುದು. ಡಾಕ್ಟರಿಗೆ ತೋರಿಸು, ತಡ ಮಾಡಬೇಡ. ಚೌತಿಗೆ ಬಂದಾಗ ಮೊದಲು ನಿನ್ನ ಕೈ ನೋಡುತ್ತೇನೆ.

ನಿನ್ನ ದೊಡ್ಡಪ್ಪ