ಅಳು ನಿಲ್ಲಿಸಿದ ಮಗು ಹೊಂದಿಕೊಂಡಿದೆ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನ ಮೊಮ್ಮಗನಿಗೆ ನ್ಯುಮೋನಿಯಾ ಆಗಿ ದಾವಣಗೆರೆಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಅವನಿಗೆ ಒಂದು ವರ್ಷ ಎರಡು ತಿಂಗಳು. ಔಷಧ, ಆಕ್ಸಿಜನ್ ಎಲ್ಲ ಹೊತ್ತಿಗೆ ಸರಿಯಾಗಿ ಕೊಟ್ಟರು, ಮಗು ಹುಷಾರಾಗಿದ್ದು ಅವರಿಂದಲೇ, ಅದರಲ್ಲಿ ಎರಡು ಮಾತಿಲ್ಲ. ನನ್ನ ದೂರು ಇರುವುದು ವಾರ್ಡಿನ ಬಾಗಿಲ ಬಗ್ಗೆ. ನಾಲ್ಕು ದಿನ ಅವನು ಒಳಗೆ, ತಾಯಿ ಹೊರಗೆ. ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ನೋಡಿ ಬರಬಹುದು, ಅಷ್ಟೇ.

ಮೊದಲ ದಿನ ಅವನ ಅಳು ಮೆಟ್ಟಿಲ ತನಕ ಕೇಳುತ್ತಿತ್ತು. ನನ್ನ ಸೊಸೆ ಗೋಡೆಗೆ ತಲೆ ಒರಗಿಸಿ ಕೂತಿದ್ದಳು, ಹಾಲು ಕಟ್ಟಿ ರವಿಕೆ ಒದ್ದೆಯಾಗಿತ್ತು. ಎರಡನೇ ದಿನವೂ ಅಳು. ಮೂರನೇ ದಿನ ಇಲ್ಲ. ಸಿಸ್ಟರ್ ಹೊರಗೆ ಬಂದು, "ನೋಡ್ರಿ ಅಮ್ಮ, ಈಗ ಅಳ್ತಿಲ್ಲ, ಹೊಂದ್ಕೊಂಡಿದಾನೆ" ಅಂದರು. ಪಾಪ, ನಮಗೆ ಸಮಾಧಾನ ಆಗಲಿ ಅಂತಲೇ ಹೇಳಿದ್ದು. ಸಂಜೆ ಒಳಗೆ ಹೋದಾಗ ಸೊಸೆ ಎರಡೂ ಕೈ ಚಾಚಿದಳು. ಅವನು ಒಂದು ಸಲ ನೋಡಿದ, ಮುಖ ಆ ಕಡೆ ತಿರುಗಿಸಿಕೊಂಡ. ಡ್ರಿಪ್ ಹಾಕಿದ್ದ ಕೈಗೆ ರಟ್ಟು ಕಟ್ಟಿದ್ದರು, ಆ ರಟ್ಟಿಗೆ ಅಂಟಿಸಿದ್ದ ಟೇಪಿನ ಅಂಚನ್ನು ಇನ್ನೊಂದು ಕೈಯ ಉಗುರಲ್ಲಿ ಸುಮ್ನೆ ಕೆರೆಯುತ್ತಾ ಮಲಗಿದ್ದ.

ನಾನು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಮಕ್ಕಳ ಮನಶ್ಶಾಸ್ತ್ರ ಪಾಠ ಮಾಡಿದವಳು. ಆ ಮುಖ ನೋಡಿದ ಕೂಡಲೇ ಎದೆ ಧಸಕ್ ಅಂತು, ಯಾಕೆಂದರೆ ಅದನ್ನೇ ನಾನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆದಿದ್ದೆ.

1950ರ ಸುಮಾರಿಗೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲೂ ಹೀಗೇ ಇತ್ತು. ಕೆಲವು ಕಡೆ ಅಪ್ಪ ಅಮ್ಮ ವಾರಕ್ಕೊಮ್ಮೆ ಮಾತ್ರ ಮಗುವನ್ನು ನೋಡಬಹುದಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತರು ಆ ವಾರ್ಡುಗಳಲ್ಲಿ ಕೂತು ಮಕ್ಕಳನ್ನು ನೋಡುತ್ತಾ ಹೋದರು. ಅಮ್ಮ ಕಾಣದಿದ್ದಾಗ ಮಗು ಮೊದಲು ರಂಪ ಮಾಡುತ್ತದೆ. ಆಮೇಲೆ ಸೋತು ಮಂಕಾಗುತ್ತದೆ. ಕೊನೆಗೆ ಯಾರು ಎತ್ತಿಕೊಂಡರೂ ಸರಿ ಅನ್ನುವ ಹಾಗೆ ಆಗಿ, ಅಮ್ಮ ಬಂದರೂ ತಿರುಗಿ ನೋಡುವುದಿಲ್ಲ. ಆಸ್ಪತ್ರೆಯವರು ಇದನ್ನೇ ಮಗು ಹೊಂದಿಕೊಂಡಿತು ಅಂದುಕೊಂಡಿದ್ದರು. 1952ರಲ್ಲಿ ರಾಬರ್ಟ್‌ಸನ್, ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡೂವರೆ ವರ್ಷದ ಒಬ್ಬ ಹುಡುಗಿಯನ್ನು ಚಿತ್ರೀಕರಿಸಿ ಡಾಕ್ಟರುಗಳಿಗೆ ತೋರಿಸಿದರು. ಅವರಲ್ಲಿ ಎಷ್ಟೋ ಜನ ಸಿಟ್ಟಾದರು. ಆದರೂ 1959ರಲ್ಲಿ ಅಲ್ಲಿನ ಸರ್ಕಾರಕ್ಕೆ ಪ್ಲ್ಯಾಟ್ ಸಮಿತಿ ಕೊಟ್ಟ ವರದಿ, ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ನೋಡಲಿ, ಚಿಕ್ಕ ಮಕ್ಕಳ ಜೊತೆ ತಾಯಿ ಉಳಿಯಲಿ ಎಂದು ಹೇಳಿತು. ಅರವತ್ತು ವರ್ಷದ ಮೇಲಾಯಿತು, ಅಲ್ವಾ?

ರಾಬರ್ಟ್‌ಸನ್ ಜೊತೆ ಕೆಲಸ ಮಾಡಿದ ಮನೋವೈದ್ಯ ಜಾನ್ ಬೌಲ್ಬಿ ಇದಕ್ಕೆ ಕಾರಣ ಹುಡುಕಿದರು. ಅದಕ್ಕೂ ಮೊದಲು ಹಾಲು ಕೊಡುವವರನ್ನು ಮಗು ಹಚ್ಚಿಕೊಳ್ಳುತ್ತದೆ, ಹೊಟ್ಟೆಯ ಸಲುವಾಗಿ, ಅಂತಲೇ ದೊಡ್ಡ ದೊಡ್ಡವರು ನಂಬಿದ್ದರು. ಅದು ನಿಜವೇ ಅಂತ ನೋಡಲು ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ ಕೋತಿ ಮರಿಗಳಿಗೆ ಎರಡು ಬೊಂಬೆ ತಾಯಿ ಮಾಡಿಟ್ಟರು. ಹಾಲಿನ ಬಾಟಲಿ ಇದ್ದದ್ದು ತಂತಿಯ ಬೊಂಬೆಯಲ್ಲಿ, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು. ಮರಿ ಹಾಲು ಕುಡಿದು ಬಂದು ದಿನವೆಲ್ಲ ಬಟ್ಟೆಯ ಬೊಂಬೆಯನ್ನೇ ತಬ್ಬಿ ಕೂರುತ್ತಿತ್ತು. 1958ರಲ್ಲಿ ಅವರು ಇದನ್ನು ಪ್ರಕಟಿಸಿದರು. (ಮರಿಗಳನ್ನು ತಾಯಿಯಿಂದ ಕಿತ್ತು ಮಾಡಿದ ಆ ಪ್ರಯೋಗ ನನಗೆ ಇವತ್ತಿಗೂ ಸಂಕಟ.) ಬೌಲ್ಬಿ ಹೇಳಿದ್ದೂ ಅದನ್ನೇ, ಹೆದರಿದಾಗ ಓಡಿ ಹೋಗಿ ತಬ್ಬಲು ಒಬ್ಬರು ಇರಬೇಕು ಅನ್ನುವುದು ಹಸಿವಿನಷ್ಟೇ ಮೂಲದ್ದು, ಹುಟ್ಟಿನಿಂದ ಬಂದದ್ದು. ಆರೇಳು ತಿಂಗಳಿಂದ ಮೂರು ವರ್ಷದ ತನಕ ಅದು ತೀರಾ ಜೋರು. ನಮ್ಮ ವಾರ್ಡುಗಳಿಗೆ ಸೇರುವ ಮಕ್ಕಳಲ್ಲಿ ಆ ವಯಸ್ಸಿನವರು ಎಷ್ಟು ಜನ, ಯೋಚಿಸಿ.

ಹಚ್ಚಿಕೊಳ್ಳುವುದು ತಾಯಿಯನ್ನೇ ಅಂತೇನೂ ಇಲ್ಲ. ಈ ವಿಷಯದಲ್ಲಿ ಬೌಲ್ಬಿ ತಾಯಿಯ ಮೇಲೆ ಅತಿಯಾಗಿ ಭಾರ ಹಾಕಿದರು ಅಂತ ನನ್ನ ಅಭಿಪ್ರಾಯ. ಷಾಫರ್, ಎಮರ್ಸನ್ ಎಂಬ ಇಬ್ಬರು ಸಂಶೋಧಕರು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಮಕ್ಕಳನ್ನು ನೋಡಿ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನವರು ಅಪ್ಪ, ಅಜ್ಜಿ ಹೀಗೆ ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದರು. ಬೆಳಗ್ಗೆ ಎದ್ದು ಮಂಡಕ್ಕಿ ಭಟ್ಟಿಗೆ ಹೋಗುವ ತಾಯಿಯ ಮಗು ಅಜ್ಜಿಯನ್ನೋ ಅಕ್ಕನನ್ನೋ ಹಚ್ಚಿಕೊಂಡಿರುತ್ತದೆ. ಹಾಗಾಗಿ ತಾಯಿಗೇ ಆಗದಿದ್ದರೆ ಮಗು ಯಾರನ್ನು ನೋಡಿದರೆ ಸುಮ್ಮನಾಗುತ್ತದೋ ಅವರನ್ನು ಬಿಡಿ.

ಸೋಂಕಿನ ಭಯ ಇದೆ ಅನ್ನುತ್ತಾರೆ, ಒಪ್ಪುತ್ತೇನೆ. ಕೈ ತೊಳೆಸಿ, ಗೌನ್ ಹಾಕಿಸಿ, ಮಾಸ್ಕ್ ಕೊಡಿ, ನೆಗಡಿ ಇದ್ದವರನ್ನು ತಡೆಯಿರಿ. ನವಜಾತ ಶಿಶು ಘಟಕಗಳಲ್ಲಿ ಅಪ್ಪ ಅಮ್ಮನಿಗೆ ಕಲಿಸಿ ಮಗುವಿನ ಆರೈಕೆಗೆ ಸೇರಿಸಿಕೊಳ್ಳಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆಯೇ 2017ರಲ್ಲಿ ಮಾರ್ಗಸೂಚಿ ತಂದಿದೆ. ಆಗ ತಾನೇ ಹುಟ್ಟಿದ ಕೂಸಿನ ಹತ್ತಿರ ತಾಯಿ ಇರಬಹುದಾದರೆ ಒಂದು ವರ್ಷದ ಮಗುವಿನ ಹತ್ತಿರ ಯಾಕೆ ಇರಬಾರದು?

ನಾಲ್ಕು ದಿನ ದೂರ ಇದ್ದ ಮಾತ್ರಕ್ಕೆ ಮಗುವಿನ ಬದುಕು ಹಾಳಾಗುವುದಿಲ್ಲ, ಆಸ್ಪತ್ರೆಗೆ ಸೇರಿಸಿದ ಅಪ್ಪ ಅಮ್ಮ ಇದನ್ನು ಓದಿ ಹೆದರಬೇಡಿ. ಮನೆಗೆ ಬಂದ ಮೇಲೆ ನಮ್ಮವನು ಎರಡು ವಾರ ಸೊಸೆಯ ಸೆರಗು ಬಿಡಲಿಲ್ಲ, ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತಿದ್ದ. ಪಕ್ಕದ ಮನೆಯವರು ಮುದ್ದು ಜಾಸ್ತಿ ಆಯಿತು, ಎತ್ತಿ ಎತ್ತಿ ಅಭ್ಯಾಸ ಮಾಡ್ತಿದೀರಿ ಅಂದರು. ಸೊಸೆಗೆ ನಾನು ಹೇಳಿದ್ದು ಒಂದೇ, ಎಷ್ಟು ಸಲ ಕೈ ಚಾಚಿದರೂ ಎತ್ತಿಕೋ ತಾಯಿ, ಅಡುಗೆ ನಾನು ನೋಡಿಕೊಳ್ಳುತ್ತೇನೆ. ಈಗ ಬಾಗಿಲು ಬಡಿಯುವುದು ನಿಂತಿದೆ.

ಜಿಲ್ಲೆಯ ಆಸ್ಪತ್ರೆಗಳವರಿಗೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ನಾನು ಕೇಳುವುದು ಇಷ್ಟೇ. ಮೂರು ವರ್ಷದೊಳಗಿನ ಪ್ರತಿ ಮಗುವಿನ ಮಂಚದ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ರಾತ್ರಿಯೂ ಅದರಲ್ಲಿ ಮನೆಯವರೊಬ್ಬರು ಕೂರಲಿ.

— ಒಬ್ಬ ಅಜ್ಜಿ, ದಾವಣಗೆರೆ